ಹೆಣ್ಣೊಪ್ಪಿಸಲು ಬಂದ ಕಸ್ತೂರಕ್ಕ

ಕುಬಸದ ಮನೆಗೆ ಕರೆಯದೆ ಬರುತ್ತಿದ್ದವರು ನಮ್ಮ ಊರಲ್ಲಿ ಒಬ್ಬರೇ, ಕಸ್ತೂರಕ್ಕ. ಏಳನೆಯ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಸಿಹಿ ಉಣ್ಣಿಸಿ ತವರಿಗೆ ಕಳಿಸುವ ಆ ಶಾಸ್ತ್ರಕ್ಕೆ ಉಳಿದವರೆಲ್ಲ ಖಣ, ತೆಂಗಿನಕಾಯಿ, ಕರಚಿಕಾಯಿ ತುಂಬಿದ ಬುಟ್ಟಿ ಹಿಡಿದು ಬರುತ್ತಿದ್ದರು. ಇವರ ಚೀಲದಲ್ಲಿ ಇರುತ್ತಿದ್ದದ್ದು ಗ್ಲೂಕೋಸ್ ಪುಡಿಯ ಪೊಟ್ಟಣ, ಒಂದು ಸ್ಟೀಲ್ ಗ್ಲಾಸು, ಬೆರಳು ಚುಚ್ಚಿ ರಕ್ತದೊಳಗಿನ ಸಕ್ಕರೆ ನೋಡುವ ಸಣ್ಣ ಯಂತ್ರ. ಹೊಸ್ತಿಲು ದಾಟಿದವರೇ ಬಸುರಿಗೂ ಅವಳ ಮುಂದಿನ ತಾಟಿಗೂ ನಡುವೆ ಬಂದು ನಿಲ್ಲುತ್ತಿದ್ದರು.

"ಬಳಿ ಇಡಸ್ರಿ, ಹೂವ ಮುಡಸ್ರಿ, ಹಾಡ ಹಾಡ್ರಿ. ನಾನೂ ಬೇಕಾದ್ರ ನಿಮ್ಮ ಜೋಡಿ ಸೋಬಾನ ಅಂತೇನಿ. ತಾಟಿಗೆ ಮಾತ್ರ ಇವತ್ತ ನಾ ಮಾಲಕಿ" ಅನ್ನುತ್ತಿದ್ದರು.

ಅವರು ನಮ್ಮ ಉಪಕೇಂದ್ರದ ನರ್ಸು. ನಮ್ಮ ಊರು ದುಂಡಸಿಯಿಂದ ಮೂರು ಕಿಲೋಮೀಟರ್ ಒಳಗಿದೆ. ಆ ದಾರಿಯಲ್ಲಿ ಅವರ ಸ್ಕೂಟಿ ಬಂದರೆ ಎಮ್ಮೆಗಳೂ ಬದಿಗೆ ಸರಿಯುತ್ತಿದ್ದವು. ಸ್ಕೂಟಿಯ ಹಾರ್ನ್ ಕೆಟ್ಟು ವರ್ಷಗಳಾಗಿದ್ದವು, ರಿಪೇರಿ ಮಾಡಿಸಿರಲಿಲ್ಲ. ಅವರ ಗಂಟಲಿಗೆ ಅದರ ಅಗತ್ಯವಿರಲಿಲ್ಲ. ಐದಡಿ ಎತ್ತರ ಇದ್ದಾರೋ ಇಲ್ಲವೋ ಅನ್ನುವಂಥ ದೇಹ, ಹಣೆಯ ಮೇಲೆ ಅಡ್ಡ ವಿಭೂತಿ, ಸೆರಗಿನ ತುದಿಯಲ್ಲಿ ಗಂಟು ಹಾಕಿದ ಕೇಂದ್ರದ ಕೀಲಿಕೈ. ಹಿಟ್ಟಿನ ಗಿರಣಿಯ ಸರದಿಯಲ್ಲಿ ಬಸುರಿ ಕಂಡರೂ ಸರಿ, ಬಸ್ಸಿನಲ್ಲಿ ಕಂಡರೂ ಸರಿ, ಮಾತೂ ಆಡಿಸದೆ ಬಗ್ಗಿ ಅವಳ ಕಾಲಗಂಟನ್ನು ಹೆಬ್ಬೆರಳಿಂದ ಒತ್ತಿ ನೋಡುವ ಅಭ್ಯಾಸ ಅವರಿಗೆ. ಒತ್ತಿದಲ್ಲಿ ಕುಳಿ ಬಿದ್ದರೆ ಮುಗಿಯಿತು. ಆ ಹೆಂಗಸಿಗಷ್ಟೇ ಅಲ್ಲ, ಆಕೆಯ ಗಂಡನಿಗೆ, ಅತ್ತೆಗೆ, ಪಕ್ಕದಲ್ಲಿ ಸುಮ್ಮನೆ ನಿಂತವರಿಗೂ ಬೈಗುಳದ ಪಾಲು ಸಿಗುತ್ತಿತ್ತು.

"ಮೈ ಕೈ ತುಂಬ್ಯಾವ ಅಂತ ಹಿಗ್ಗತೀರಲ್ಲಬೇ, ಏನ ತುಂಬೈತಿ ಅಂತ ನೋಡೀರೇನು?" ಎಂಬುದು ಅವರ ಮಾತು. ಇನ್ನೊಂದು, "ಕೂಸು ಕುಂಬಳಕಾಯಿ ಅಲ್ಲ, ತೂಗಿ ತೂಗಿ ಮಂದಿಗೆ ತೋರಸಾಕ."

ಆ ಎರಡನೆಯ ಮಾತನ್ನು ಅವರ ಬಾಯಿಂದ ಮೊದಲ ಸಲ ಕೇಳಿದಾಗ ನನಗೆ ಕುಂತಲ್ಲೇ ಕಣ್ಣು ಕತ್ತಲೆ ಬಂದಿತ್ತು. ಯಾಕೆಂದು ಹೇಳಬೇಕಾದರೆ ನನ್ನ ಮೊದಲ ಬಸುರಿನ ಕತೆ ಹೇಳಬೇಕು. ಆಗ ಕಸ್ತೂರಕ್ಕ ನಮ್ಮ ಊರಿಗೆ ಬಂದಿರಲಿಲ್ಲ.

ನನ್ನ ತವರು ಹಿರೇಕೆರೂರು ತಾಲೂಕಿನಲ್ಲಿ, ಹಂಸಭಾವಿಯ ಹತ್ತಿರದ ಹಳ್ಳಿ. ಮೊದಲ ಬಸುರಿನಲ್ಲಿ ಐದನೆಯ ತಿಂಗಳಿಂದಲೇ ನನಗೆ ವಿಪರೀತ ನೀರಡಿಕೆ. ಕೊಡದ ನೀರು ಕುಡಿದು ಕೊಡದ ಹತ್ತಿರವೇ ನಿಂತಿರುತ್ತಿದ್ದೆ. "ಬಸುರಿಗೆ ಹಂಗ ಆಗತೈತಿ" ಅಂದರು ಅತ್ತೆ. "ನನಗೂ ಹಂಗ ಆಗಿತ್ತು" ಅಂದಳು ಅವ್ವ. ಊರಿನ ಅವತ್ತಿನ ನರ್ಸು, ಈಕೆ ಹೇಗೂ ತವರಿಗೆ ಹೋಗುವವಳು, ಸಕ್ಕರೆ ಪರೀಕ್ಷೆ ಅಲ್ಲಿಯೇ ಆಗಲಿ ಎಂದು ಬಿಟ್ಟರು. ಕುಬಸ ಮಾಡಿಸಿಕೊಂಡು ತವರಿಗೆ ಹೋದೆ. ಅಲ್ಲಿಯ ನರ್ಸು, ಏಳು ತಿಂಗಳು ತುಂಬಿದೆಯಲ್ಲ, ಗಂಡನ ಊರಲ್ಲಿ ಆಗಿರುತ್ತದೆ ಎಂದು ಬಿಟ್ಟರು. ತಾಯಿ ಕಾರ್ಡಿನ ಆ ಒಂದು ಕಲಂ ಎರಡು ಊರುಗಳ ನಡುವೆ ಖಾಲಿಯೇ ಉಳಿಯಿತು. ಅದು ಖಾಲಿ ಇದೆ ಎಂದು ಕೂಡ ನನಗೆ ಗೊತ್ತಿರಲಿಲ್ಲ. ನಾನು ಅಲ್ಲಿ ಎರಡು ತಿಂಗಳು ಹೋಳಿಗೆ, ಮಾದಲಿ, ಅಂಟಿನುಂಡಿ ತಿಂದುಕೊಂಡು ಕುಂತೆ.

ಅಲ್ಲಿಯ ದವಾಖಾನೆಯಲ್ಲಿ ಹುಟ್ಟಿದ್ದು ಗಂಡು. ನಾಲ್ಕು ಕಿಲೋ ಮುನ್ನೂರು ಗ್ರಾಂ. ಭುಜ ಸಿಕ್ಕಿಹಾಕಿಕೊಂಡು, ಇಬ್ಬರು ಹೆಂಗಸರು ನನ್ನ ಹೊಟ್ಟೆಯ ಮೇಲೆ ಬಿದ್ದು ತಳ್ಳಿ, ನಾನು ಸತ್ತೇ ಹೋದೆ ಅಂದುಕೊಂಡ ಮೇಲೆ ಹೊರಗೆ ಬಂದ. ತೂಕ ಕೇಳಿದ್ದೇ ತಡ, ಹೊರಗೆ ಪೇಡೆ ಹಂಚಿದರು. ಕೂಸು ಅಳಲಿಲ್ಲ, ಹೊರಳಲಿಲ್ಲ, ಗುಂಡಗೆ ಕೆಂಪಗೆ ಮಲಗಿತ್ತು. "ಎಷ್ಟ ಶಾಣ್ಯಾ ಅದಾನ ನೋಡ, ಗದ್ದಲನ ಇಲ್ಲ" ಅಂದರು ನೋಡಲು ಬಂದವರು. ನನ್ನ ತಾಯಿಯ ತಾಯಿ, ನಾವು ಆಯಿ ಅನ್ನುತ್ತಿದ್ದೆವು, ಮೊದಲ ಹಾಲು ಕೂಸಿಗೆ ಆಗಿಬರುವುದಿಲ್ಲವೆಂದು ಪರದೆ ಎಳೆದು, ಹಿಂಡಿ ಚೆಲ್ಲಿ, ನಾಲಿಗೆಗೆ ಔಡಲೆಣ್ಣೆ ಸವರಿದಳು. ಮೂರನೆಯ ದಿನ ಎದೆಗೆ ಹಾಕಿದರಾಯಿತು ಎಂಬುದು ಅವಳ ಲೆಕ್ಕ. ಮೂರನೆಯ ದಿನ ಬರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಕೂಸಿಗೆ ಸೆಟೆತ ಶುರುವಾಯಿತು. ದೊಡ್ಡ ಊರಿನ ದವಾಖಾನೆಯ ದಾರಿಯಲ್ಲಿ, ಅವ್ವನ ತೊಡೆಯ ಮೇಲೆ ತೀರಿಕೊಂಡಿತು.

ಎಲ್ಲರೂ ದೃಷ್ಟಿ ಅಂದರು. ಅಷ್ಟು ತೂಕದ ಕೂಸನ್ನು ಕಂಡಕಂಡವರಿಗೆ ತೋರಿಸಿದ್ದು ತಪ್ಪು ಅಂದರು. ಅತ್ತೆ ತವರಿನವರನ್ನು ಬೈದರು, ಅವ್ವ ಅತ್ತೆಯ ಮನೆಯವರನ್ನು ಬೈದಳು. ಇಬ್ಬರೂ ಬೈದು ದಣಿದ ಮೇಲೆ ಉಳಿದವಳು ನಾನು. ನನ್ನ ಹೊಟ್ಟೆಯಲ್ಲೇ ದೋಷವಿದೆ ಎಂದು ಯಾರೂ ಎದುರಿಗೆ ಹೇಳಲಿಲ್ಲ. ಊರಲ್ಲಿ ಹಸುಗೂಸು ಎತ್ತಿಕೊಂಡವರು ನನ್ನನ್ನು ಕಂಡರೆ ಸೆರಗು ಮುಚ್ಚಿಕೊಂಡು ಹೋಗುತ್ತಿದ್ದರು, ಅಷ್ಟೇ.

ಮತ್ತೆ ಬಸುರಾದಾಗ ಎರಡು ವರ್ಷ ಕಳೆದಿತ್ತು. ಉಪಕೇಂದ್ರಕ್ಕೆ ಹೊಸ ನರ್ಸು ಬಂದಿದ್ದಾರೆ, ಬಾಯಿ ಬಹಳ, ಎಂದು ಕೇಳಿದ್ದೆ. ಹೋದೆ. ಕಸ್ತೂರಕ್ಕ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು.

"ಎಷ್ಟನೇದು?"

"ಎರಡನೇದು ರೀ."

"ಮೊದಲನೇದು?"

"ಇಲ್ರಿ. ದೃಷ್ಟಿ ಆಗಿ ಹೋತ್ರಿ."

"ತೂಕ ಎಷ್ಟಿತ್ತು?"

ಹೇಳಿದೆ. ಅವರ ಪೆನ್ನು ನಿಂತಿತು. ತಲೆ ಎತ್ತಿ ನನ್ನನ್ನೇ ನೋಡಿದರು. ಹಳೆಯ ಕಾರ್ಡು ಇದೆಯಾ ಎಂದು ಕೇಳಿದರು. ಇತ್ತು. ಆ ಮಗನದೆಂದು ನನ್ನ ಹತ್ತಿರ ಉಳಿದದ್ದು ಅದೊಂದೇ. ಸೀರೆಗಳ ನಡುವೆ ಇಟ್ಟದ್ದನ್ನು ಯಾಕೋ ಆ ದಿನ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಅವರು ಒಂದೊಂದೇ ಹಾಳೆ ತಿರುವಿ, ಆ ಖಾಲಿ ಕಲಮಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಂತರು. ಆಮೇಲೆ ಎದ್ದು ಬಾಗಿಲು ಹಾಕಿ ಬಂದು ಹೇಳಿದರು.

"ದೃಷ್ಟಿ ಅಂತ ಇನ್ನೊಮ್ಮೆ ನನ್ನ ಮುಂದ ಅನಬ್ಯಾಡ. ನಿನಗ ಬಸುರಿನಾಗ ಸಕ್ರಿ ಬಂದಿತ್ತು, ಯಾರೂ ನೋಡಲಿಲ್ಲ. ನಿನ್ನ ರಕ್ತದಾಗಿನ ಸಕ್ರಿ ಹೊಕ್ಕಳಬಳ್ಳಿ ಹಿಡದು ಕೂಸಿಗೆ ಹೋಗತೈತಿ. ಅದು ಪಾಪ ಸಣ್ಣ ಜೀವ, ಬಂದ ಸಕ್ರಿ ಅರಗಸಾಕ ತನ್ನ ಮೈಯಾಗ ಇನ್ಸುಲಿನ್ ಹೆಚ್ಚಿಗಿ ಮಾಡ್ತೈತಿ. ಅದಕ್ಕ ಅಷ್ಟ ಗುಂಡಗ ಬೆಳೀತೈತಿ. ಬಳ್ಳಿ ಕೊಯ್ದ ಗಳಿಗಿಗೆ ಸಕ್ರಿ ಬರೂದು ನಿಂತಹೋತು. ಇನ್ಸುಲಿನ್ ನಿಲ್ಲೂದಿಲ್ಲ. ಇದ್ದದ್ದೂ ಕರಗಿ ಕೂಸು ಸುಸ್ತ ಆಗತೈತಿ, ಅಳೂದಿಲ್ಲ, ಹೊರಳೂದಿಲ್ಲ. ನೀವು ಶಾಣ್ಯಾ ಕೂಸು ಅಂತೀರಿ. ಅದು ಹಸದು ಸಾಯಾಕತ್ತಿರತೈತಿ."

ನಾನು ಅಳಲಿಲ್ಲ. ನನಗೆ ಬಂದದ್ದು ಸಿಟ್ಟು. ಎರಡು ವರ್ಷ ದಾರಿ ತಪ್ಪಿಸಿಕೊಂಡಿದ್ದ ಸಿಟ್ಟು. ಅಲ್ಲಿಯವರೆಗೆ ನನ್ನ ಮೇಲೆ ನಾನೇ ಮಾಡಿಕೊಂಡದ್ದಷ್ಟೂ ಬೇರೆ ಕಡೆ ಹೋಗಲು ಎದ್ದು ನಿಂತಂತಾಯಿತು. "ಯಾರ ತಪ್ಪ ರೀ ಇದು?" ಅಂತ ಕೇಳಿದೆ.

"ಯಾರದು ಅಂತ ಹೇಳಲಿ? ಏಳನೇ ತಿಂಗಳಾಗ ನಮ್ಮ ಹೆಣ್ಣಮಕ್ಕಳು ಯಾರ ಲೆಕ್ಕದಾಗೂ ಇರೂದಿಲ್ಲ. ಇಲ್ಲಿಯವರು ಹೋದ್ಲು ಅಂತಾರ, ಅಲ್ಲಿಯವರು ಈಗ ಬಂದ್ಲು ಅಂತಾರ. ಸಕ್ರಿ ಬರೂದೂ ಸರಿಯಾಗಿ ಅವಾಗನ."

ಅವತ್ತಿನ ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು. ಅತ್ತೆ ಊರೆಲ್ಲ ಹೇಳಿಕೊಂಡು ಬಂದರು. ಆದರೆ ಆರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ನೋಡಲೇಬೇಕೆಂದು ಕಸ್ತೂರಕ್ಕ ತಾಕೀತು ಮಾಡಿದ್ದರು. ಆ ಹೊತ್ತಿಗೆ ಅತ್ತೆ ಅಡ್ಡ ಬಂದರು. ಹೋದದ್ದನ್ನು ಮರೆಸುವಂತೆ ಈ ಸಲ ಕುಬಸ ಜೋರಾಗಿ ಮಾಡಬೇಕೆಂದು ಅವರ ಆಸೆ. "ಮೊದಲ ಶಾಸ್ತ್ರ ಮುಗೀಲಿ, ಆಮ್ಯಾಲೆ ಆಕಿ ಏನರ ಚುಚ್ಚಲಿ" ಅಂದರು. ಎರಡು ಸಲ ಕರೆ ಬಂದರೂ ನನ್ನನ್ನು ಕಳಿಸಲಿಲ್ಲ. ಕುಬಸದ ದಿನ ಪಡಸಾಲೆಯಲ್ಲಿ ಐವತ್ತು ಮಂದಿ. ತವರಿನವರು ಬಂದಿದ್ದಾರೆ, ನನಗೆ ಹಸಿರು ಸೀರೆ ಉಡಿಸಿದ್ದಾರೆ, ಮುಂದೆ ತಾಟಿನಲ್ಲಿ ಹೋಳಿಗೆಯ ಅಟ್ಟಿ. ಆಗ ಬಂತು ಸ್ಕೂಟಿ.

ಕಸ್ತೂರಕ್ಕ ಒಳಗೆ ಬಂದು ಯಾರನ್ನೂ ಮಾತಾಡಿಸದೆ ಗ್ಲಾಸಿಗೆ ನೀರು ಹಾಕಿ, ಪೊಟ್ಟಣ ಹರಿದು ಪುಡಿ ಸುರಿದು, ಕಲಸಿ ನನ್ನ ಕೈಗೆ ಕೊಟ್ಟರು. "ಕುಡಿ. ಎರಡ ತಾಸು ಬ್ಯಾರೆ ಏನೂ ತಿನ್ನೂದಿಲ್ಲ."

"ಅದರಾಗ ಏನೈತಿ ಅದು?" ಅಂದರು ಅತ್ತೆ.

"ಸಕ್ರಿ."

ಅತ್ತೆಗೆ ಸಿಕ್ಕಿತಲ್ಲ ಹಗ್ಗದ ತುದಿ. "ನೋಡ್ರವಾ ಎಲ್ಲಾರೂ! ಸರಕಾರದವರು ಗ್ಲಾಸಗಟ್ಟಲೆ ಸಕ್ರಿ ನೀರ ಕುಡಿಸಿದ್ರ ಪರೀಕ್ಷಾ. ನಾವು ಒಂದ ಹೋಳಗಿ ಕೊಟ್ರ ಪಾಪಾ!"

ಪಡಸಾಲೆಯೆಲ್ಲ ನಕ್ಕಿತು. ಕಸ್ತೂರಕ್ಕನ ಮುಖ ಕೆಂಪಾಯಿತು. "ಅಮ್ಮಾ, ಮೈ ಇಷ್ಟ ಸಕ್ರಿ ತಡೀತೈತೋ ಇಲ್ಲೋ ಅಂತ ಒಮ್ಮೆ ನೋಡೂದು ಬ್ಯಾರೆ, ದಿನಾ ತುಂಬೂದು ಬ್ಯಾರೆ. ಬರ್ರಿ ಇಲ್ಲಿ, ನಿಮ್ಮ ಬೆರಳೂ ಕೊಡ್ರಿ. ನಿಮ್ಮದ ಎಷ್ಟೈತಿ ಅಂತ ಮಂದಿಗೆ ತೋರಸ್ತೇನಿ." ಅತ್ತೆ ಹಿಂದೆ ಸರಿಯುವ ಪೈಕಿ ಅಲ್ಲ, ಬೆರಳು ಕೊಟ್ಟೇ ಬಿಟ್ಟರು. ಅವರ ಸಕ್ಕರೆ ಹದಿನಾರರ ಹುಡುಗಿಯದರಂತೆ ಸರಿಯಾಗಿತ್ತು. "ಪಾಯಸಾ ಕುಡದ ಬೆಳದಾಕಿ ನಾ" ಎಂದು ಅತ್ತೆ ಸೆರಗು ಝಾಡಿಸಿದರು. ಕಸ್ತೂರಕ್ಕ ಮಾತಿನಲ್ಲಿ ಸೋತದ್ದನ್ನು ನಾನು ನೋಡಿದ್ದು ಆ ಒಂದು ಸಲ ಮಾತ್ರ.

ಬಸುರಿ ತುತ್ತು ಬಾಯಿಗಿಡದೆ ಯಾರೂ ಉಣ್ಣುವಂತಿಲ್ಲ. ಐವತ್ತು ಮಂದಿ ಎರಡು ತಾಸು ಹಸಿದು ಕುಂತರು. ಹಾಡುವವರು ಬರುವ ಹಾಡುಗಳನ್ನೆಲ್ಲ ಎರಡೆರಡು ಸಲ ಹಾಡಿದರು. ನನ್ನ ಗಂಡನ ಕಾಕಾ ಬಾಗಿಲಲ್ಲಿ ನಿಂತು ನಿಮಿಷಕ್ಕೊಮ್ಮೆ, "ಹೋಳಗಿ ಆರಾಕತ್ತಾವು, ತುಪ್ಪ ಹೆಪ್ಪಗಟ್ಟಾಕತ್ತೈತಿ" ಎಂದು ವರದಿ ಕೊಡುತ್ತಿದ್ದರು. ಎರಡು ತಾಸಿಗೆ ಸರಿಯಾಗಿ ಕಸ್ತೂರಕ್ಕ ನನ್ನ ಬೆರಳು ಚುಚ್ಚಿದರು. ಯಂತ್ರ ನೋಡಿದರು. ನನ್ನ ಗಂಡನನ್ನು ಕರೆದು ಅವರಿಗೂ ತೋರಿಸಿದರು.

"ಏರೇತಿ" ಅಂದರು. ಆಮೇಲೆ ತಾಟನ್ನು ತಾವೇ ಎತ್ತಿ ಅತ್ತೆಯ ಕೈಗೆ ಕೊಟ್ಟರು. "ಹೋದ ಕೂಸನ್ನ ಕೊಂದದ್ದು ಇದು. ಈಗ ಹೇಳ್ರಿ, ಉಣ್ಣಸ್ಲೇನು?"

ಅತ್ತೆ ತಾಟು ಹಿಡಿದುಕೊಂಡೇ ಕುಸಿದು ಕುಂತರು. ಒಂದು ಕರಚಿಕಾಯಿ ಮುರಿದು, ಬೆರಳಿನ ಉಗುರಿನಷ್ಟು ತುಂಡನ್ನು ಕಸ್ತೂರಕ್ಕ ನನ್ನ ಬಾಯಿಗಿಟ್ಟರು. "ಇಷ್ಟ ಶಾಸ್ತ್ರಕ್ಕ. ಇನ್ನ ರೊಟ್ಟಿ ಪಲ್ಯಾ ತರ್ರಿ."

ಅದಾದ ಮೇಲೆ ನನ್ನನ್ನು ತವರಿಗೆ ಕಳಿಸುವುದನ್ನು ಮುಂದೂಡಿಸಿ, ನಮ್ಮ ಮನೆಗೆ ದಿನ ಬಿಟ್ಟು ದಿನ ಬಂದರು. ಒಂದೂವರೆ ರೊಟ್ಟಿ, ತುಂಬ ಪಲ್ಯ, ಊಟವಾದ ಮೇಲೆ ಹನಮಪ್ಪನ ಗುಡಿಯತನಕ ನಡಿಗೆ. ಅಷ್ಟಕ್ಕೂ ಸಕ್ಕರೆ ಇಳಿಯದಿದ್ದಾಗ ನನ್ನನ್ನು ದೊಡ್ಡ ದವಾಖಾನೆಗೆ ಕರೆದೊಯ್ದು ಡಾಕ್ಟರಿಂದ ಇನ್ಸುಲಿನ್ ಬರೆಸಿ, ತೊಡೆಗೆ ಸೂಜಿ ಹಾಕಿಕೊಳ್ಳುವುದನ್ನು ಕಲಿಸಿದರು. "ಒಮ್ಮೆ ಸೂಜಿ ಹಿಡದ್ರ ಜೀವಮಾನ ಬಿಡೂದಿಲ್ಲಂತ" ಎಂದು ಓಣಿಯವರು ಹೆದರಿಸಿದರು. "ಹೆದರಸಾಕ ಬಂದಾಕಿನ್ನ ನನ್ನ ಕಡೆ ಕಳಸು" ಅಂದರು ಕಸ್ತೂರಕ್ಕ. ಯಾರೂ ಹೋಗಲಿಲ್ಲ.

ತವರಿಗೆ ಹೊರಡುವ ದಿನ ಬಂತು. ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ. "ಹೋಗು. ಆದ್ರ ಈ ಸಲ ಕಾರ್ಡ ನಿನ್ನ ಕೈಯಾಗ ಕೊಟ್ಟ ಕಳಸೂದಿಲ್ಲ. ನಾನ ಬರ್ತೇನಿ." ರಜೆ ಹಾಕಿ ಬಂದರು. ಶಿಗ್ಗಾವಿಯಿಂದ ಬಸ್ಸು, ನಡುವೆ ಇನ್ನೊಂದು ಬಸ್ಸು, ಅಲ್ಲಿಂದ ಟಂಟಂ. ತವರಿನ ಉಪಕೇಂದ್ರದಲ್ಲಿ ಹೊಸದಾಗಿ ಸೇರಿದ್ದ ಹುಡುಗಿ ನರ್ಸು ನಮ್ಮ ದಂಡು ಕಂಡು ಗಾಬರಿಯಾಗಿ ಎದ್ದು ನಿಂತಳು. ಕಸ್ತೂರಕ್ಕ ನನ್ನ ಬಲಗೈ ಹಿಡಿದು ಅವಳ ಕೈಯಲ್ಲಿಟ್ಟರು, ಮೇಲೆ ತಾಯಿ ಕಾರ್ಡಿಟ್ಟರು. ಮದುವೆಯಲ್ಲಿ ಹೆಣ್ಣೊಪ್ಪಿಸುವಾಗ ಹೇಳುತ್ತಾರಲ್ಲ, ಅದೇ ದಾಟಿಯಲ್ಲಿ ಹೇಳಿದರು.

"ನಮ್ಮ ಕೂಸನ್ನ ನಿಮ್ಮ ಉಡಿಯಾಗ ಹಾಕೇನ್ರಿ. ಇಲ್ಲೀತನಕ ನಾ ನೋಡೇನಿ, ಇನ್ನ ನೀವು ನೋಡ್ರಿ. ಸಕ್ರಿ ಐತಿ, ಸೂಜಿ ಐತಿ, ಹೆರಿಗಿ ದೊಡ್ಡ ದವಾಖಾನ್ಯಾಗ. ಹುಟ್ಟಿದ ಒಂದ ತಾಸಿನೊಳಗ ಕೂಸು ಎದಿಗೆ ಬರಬೇಕು. ಒಪ್ಪಿಗಿ ಐತೇನು?"

ಹುಡುಗಿ ನಗಬೇಕೋ ಅಳಬೇಕೋ ತಿಳಿಯದೆ "ಐತ್ರಿ" ಅಂದಳು. ಅವ್ವ ನಿಜವಾಗಿ ಮದುವೆ ಮನೆಯಲ್ಲಿ ನಿಂತವಳ ಹಾಗೆ ಬಿಕ್ಕಿ ಅತ್ತಳು. "ಅಳೂದ ಸಾಕವಾ, ಕಾರ್ಡಿನ್ಯಾಗ ಈಕಿ ಸಹಿ ಮಾಡಸು ಮೊದಲ" ಅಂದರು ಕಸ್ತೂರಕ್ಕ.

ಹೆಣ್ಣು ಹುಟ್ಟಿತು, ದೊಡ್ಡ ದವಾಖಾನೆಯಲ್ಲಿ, ಮುಂಜಾನೆ. ಮೂರು ಕಿಲೋ ಇನ್ನೂರು ಗ್ರಾಂ. ಭುಜ ಸಿಕ್ಕಲಿಲ್ಲ, ಯಾರೂ ನನ್ನ ಹೊಟ್ಟೆಯ ಮೇಲೆ ಬೀಳಲಿಲ್ಲ. ಕೂಸನ್ನು ಪಕ್ಕದಲ್ಲಿ ಮಲಗಿಸಿ, ಎದೆಗೆ ಹಾಕಿಕೋ, ಅರ್ಧ ತಾಸಿಗೆ ಬಂದು ಸಕ್ಕರೆ ನೋಡುತ್ತೇವೆ ಎಂದು ಹೇಳಿ ಅಲ್ಲಿಯ ಸಿಸ್ಟರು ಇನ್ನೊಬ್ಬಳ ಕಡೆ ಹೋದರು. ಆಯಿ ಪರದೆ ಎಳೆದಳು. ಅವಳ ಕೈಯಲ್ಲಿ ಬಟ್ಟಲಿತ್ತು.

ನನ್ನ ಆಯಿಯ ಬಗ್ಗೆ ಹೇಳಬೇಕು. ನಾನು ಮಾತು ಕಲಿತದ್ದು ಅವಳ ತೊಡೆಯ ಮೇಲೆ. ಇವತ್ತಿಗೂ ನಾನು ಒಂದು ಕತೆ ಹೇಳಿದರೆ ನಾಲ್ಕು ಮಂದಿ ಕುಂತು ಕೇಳುತ್ತಾರಾದರೆ ಅದು ಅವಳು ಕೊಟ್ಟದ್ದು. ಅವಳ ಎದುರಿಗೆ ಒಂದು ದಿನ ಧ್ವನಿ ಎತ್ತಿದವಳಲ್ಲ. ಅವತ್ತು ಎತ್ತಿದೆ.

"ಆಯಿ, ಕೈ ತಗಿ."

"ಹುಚ್ಚಿ, ಇದ ಕೆಟ್ಟ ಹಾಲ. ಕೂಸಿಗೆ..."

"ಕೈ ತಗೀತೀಯೋ ಇಲ್ಲೋ! ಹೋದ ಸಲ ನಿನ್ನ ಮಾತ ಕೇಳಿ ನನ್ನ ಮಗನ್ನ ಮಣ್ಣಾಗ ಇಟ್ಟ ಬಂದೇನಿ. ಈಕಿನ್ನ ಮುಟ್ಟಬ್ಯಾಡ!"

ವಾರ್ಡೆಲ್ಲ ತಿರುಗಿ ನೋಡಿತು. ಆಯಿ ಬಟ್ಟಲು ಕೆಳಗಿಟ್ಟು ಹಿಂದೆ ಸರಿದಳು. ನಾನು ಕೂಸನ್ನು ಎದೆಗೆ ಹಾಕಿಕೊಂಡೆ. ಅದು ಹಿಡಿಯಲಿಲ್ಲ. ತುಟಿಗೆ ತಾಗಿಸಿದರೂ ನಿದ್ದೆಯಲ್ಲಿತ್ತು. ಅಣ್ಣನ ಹಾಗೆಯೇ ಶಾಂತವಾಗಿತ್ತು. ಸಿಸ್ಟರು ಬಂದು ಹಿಮ್ಮಡಿ ಚುಚ್ಚಿ ನೋಡಿ, ಕಡಿಮೆ ಇದೆ ಎಂದು ಡಾಕ್ಟರನ್ನು ಕರೆದರು. ಹಾಲು ಹಿಂಡಿ ಚಮಚೆಯಿಂದ ಹನಿ ಹನಿಯಾಗಿ ಬಾಯಿಗೆ ಬಿಟ್ಟೆವು. ಮತ್ತೆ ಚುಚ್ಚಿದರು, ಮತ್ತೆ ಕಡಿಮೆ. ನಡುವೆ ಕಸ್ತೂರಕ್ಕನ ಫೋನು. ಅವ್ವ ಅದನ್ನು ನನ್ನ ಕಿವಿಗೆ ಹಿಡಿದಳು.

"ಅಂಗಾಲ ಉಜ್ಜು. ಬೆನ್ನ ಉಜ್ಜು. ಮಲಗಾಕ ಬಿಡಬ್ಯಾಡ. ಅದರ ಮೈ ನಿನ್ನ ಎದಿಗೆ ಹತ್ತಿರಲಿ, ಬೆಚ್ಚಗ. ಹಾಲ ಕೊಡು, ಮತ್ತ ಕೊಡು."

ಎಷ್ಟು ಹೊತ್ತು ಹಾಗೆ ಉಜ್ಜಿದೆನೋ. ಒಮ್ಮೆಲೆ ಕೂಸು ಮುಖ ಕಿವಿಚಿ, ಕೆಂಪಾಗಿ, ಬಾಯಿ ತೆರೆದು ಕಿರುಚಿತು. ಮೂರನೆಯ ಸಲ ಚುಚ್ಚಿದಾಗ ಸಕ್ಕರೆ ಮೇಲೆ ಬಂದಿತ್ತು. ಫೋನಿನ ಆ ಕಡೆಯಿಂದ ಕಸ್ತೂರಕ್ಕ ಕೂಗುತ್ತಿದ್ದರು, "ಅಳಾಕತ್ತೈತಿ? ಅಳ್ಲಿ. ಯಾರೂ ಸಮಾಧಾನ ಮಾಡಬ್ಯಾಡ್ರಿ, ಅಳ್ಲಿ!"

ಆಯಿ ಮೂಲೆಯಲ್ಲಿ ಕುಂತು, "ಮೊದಲಿನ ಕೂಸಿನ ಹಾಲ ನಾನ ಚೆಲ್ಲಿದ್ನಲ್ಲ" ಅಂದಳು. ಯಾರಿಗೆ ಹೇಳಿದಳೋ. ಅವಳು ಮುಂದಿನ ವರ್ಷ ತೀರಿಕೊಂಡಳು. ಅಲ್ಲಿಯವರೆಗೆ ನನ್ನ ಮಗಳನ್ನು ಎತ್ತಿಕೊಳ್ಳುವ ಮೊದಲು ಪ್ರತಿ ಸಲ ನನ್ನ ಮುಖ ನೋಡುತ್ತಿದ್ದಳು. ಎತ್ತಿಕೋ ಎಂದು ನಾನು ಹೇಳುತ್ತಿದ್ದೆ. ಇನ್ನೂ ಪ್ರೀತಿಯಿಂದ ಹೇಳಬಹುದಿತ್ತು.

ಕಸ್ತೂರಕ್ಕನನ್ನು ನಮ್ಮ ಊರು ಉಳಿಸಿಕೊಳ್ಳಲಿಲ್ಲ. ದೊಡ್ಡ ಮನೆಯವರೊಬ್ಬರ ಸೊಸೆಯ ಕುಬಸದಲ್ಲಿ ಬೆರಳು ಚುಚ್ಚುವಾಗ ಹಸಿರು ಸೀರೆಯ ಮೇಲೆ ರಕ್ತದ ಒಂದು ಹನಿ ಬಿದ್ದಿತು. ಅಪಶಕುನ ಮಾಡಿದಳು, ಬಾಯಿ ಮಾಡಿದಳು ಎಂದು ಅರ್ಜಿ ಬರೆದರು. ಸಹಿ ಹಾಕಿದವರಲ್ಲಿ ಹೋಳಿಗೆ ಆರಿದ್ದಕ್ಕೆ ಮರುಗಿದ ನಮ್ಮ ಕಾಕಾ ಕೂಡ ಇದ್ದರು. ಕಸ್ತೂರಕ್ಕನ ಕೈಯಲ್ಲಿ ಪಾರಾದ ಹೆಂಗಸರು ನಾವು ಹತ್ತಾರು ಮಂದಿ ಇದ್ದೆವು, ಒಬ್ಬರೂ ಹೋಗಿ ಅವರ ಪರವಾಗಿ ಮಾತಾಡಲಿಲ್ಲ. ನಾನೂ ಹೋಗಲಿಲ್ಲ. ದವಾಖಾನೆಯಲ್ಲಿ ನನ್ನ ಮುದುಕಿಯ ಮೇಲೆ ಎತ್ತಿದ ಧ್ವನಿ, ಊರ ಗಂಡಸರ ಮುಂದೆ ಹೊರಡಲಿಲ್ಲ. ಅವರಿಗೆ ಸವಣೂರು ತಾಲೂಕಿಗೆ ವರ್ಗವಾಯಿತು.

ಮಗಳಿಗೆ ಮೂರು ತುಂಬಿದಾಗ ಒಂದು ಮದುವೆಗೆಂದು ಸವಣೂರಿಗೆ ಹೋಗಿ, ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಶಿಗ್ಗಾವಿ ಗಾಡಿಗೆ ಕಾದು ನಿಂತಿದ್ದೆ. "ಏ, ದುಂಡಸಿಯಾಕಿ!" ಎಂದು ಹಿಂದಿನಿಂದ ಕೂಗು. ಅವರೇ. ಬಡವಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಗಳ ಗಲ್ಲ ಹಿಂಡಿ, ಕಟ್ಟೆಗೆ ಕುಂತು ಉಡಿಯಲ್ಲಿ ಕೂಡಿಸಿಕೊಂಡರು. ಅದೇ ನಮ್ಮ ಕೊನೆಯ ಭೇಟಿ.

"ಹೆರಿಗಿ ಆದ ಮ್ಯಾಲೆ ನಿಂದು ಸಕ್ರಿ ನೋಡಿಸಿಯೇನು?" ಎಂಬುದು ಅವರ ಎರಡನೆಯ ಮಾತು.

"ಇಲ್ರಿ ಅಕ್ಕಾರ. ಸೂಜಿ ಬಿಡಿಸಿದ್ರಲ್ಲ, ಹೋಗಿರಬೇಕು ಅಂತ..."

ನಿಲ್ದಾಣದಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. "ಮೂರ ವರ್ಷ! ಕೂಸು ಬದಕಿತು ಅಂತ ನಿನ್ನ ಜೀವಾ ಬಿಟ್ಟಿಯೇನು? ಬಸುರಿನಾಗ ಬಂದದ್ದು ಮುಂದ ಮತ್ತ ಬರತೈತಿ ಅಂತ ಎಷ್ಟ ಸಲ ಬಡಕೊಂಡೇನಿ! ನಾಳೆ ಹಸದ ಹೊಟ್ಟೀಲೆ ಹೋಗು. ಈ ಹುಡುಗಿಗೆ ಹಾಲ ಕುಡಿಸಿ ಮುಗೀತು ಅಂದ್ಕೊಂಡೀ? ಈಕಿ ಮದವಿಗೆ ನೀ ಇರಬೇಕಲ್ಲ!"

ಬೈಸಿಕೊಂಡದ್ದು ಖುಷಿಯಾಯಿತು. ಕಣ್ಣು ತುಂಬಿ, ಬಹಳ ದಿನದಿಂದ ಒಳಗಿದ್ದದ್ದನ್ನು ಹೇಳಿಬಿಟ್ಟೆ. "ಮೊದಲನೇ ಬಸುರಿನ್ಯಾಗ ನಿಮ್ಮಂಥಾರು ಇದ್ದಿದ್ರ ನನ್ನ ಮಗಾ ಇರ್ತಿದ್ದಾ ರೀ."

ಅವರ ಮುಖ ಒಮ್ಮೆಲೆ ಬಿದ್ದುಹೋಯಿತು. ಮಗಳನ್ನು ಉಡಿಯಿಂದ ಇಳಿಸಿದರು.

"ಹಂಗ ಅನಬ್ಯಾಡ. ನಾ ಮೊದಲ ಹಿಂಗ ಇರಲಿಲ್ಲ. ಹಾನಗಲ್ ಕಡೆ ಒಂದ ಊರಾಗ ಇದ್ದೆ. ಸಕ್ರಿ ನೋಡೂ ಪಟ್ಟಿ ಮುಗದಿದ್ವು, ಎರಡ ತಿಂಗಳು ಬರಲಿಲ್ಲ. ಮೀಟಿಂಗಿನಾಗ ಕಲಂ ಖಾಲಿ ಇರಬಾರ್ದು ಅಂದ್ರು. ಏಳ ಮಂದಿಗೆ ನೋಡಲಾರದ ನಾರ್ಮಲ್ ಅಂತ ಬರದೆ. ಆರ ಮಂದಿ ಪಾರಾದ್ರು." ಸೆರಗಿನ ತುದಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು. "ಒಬ್ಬಾಕಿ ಕೂಸು ಒಂಬತ್ತನೇ ತಿಂಗಳಾಗ ಹೊಟ್ಟ್ಯಾಗ ಹೋತು. ದೊಡ್ಡ ಕೂಸು. ಆಮ್ಯಾಲೆ ದವಾಖಾನ್ಯಾಗ ನೋಡಿದ್ರ ಆಕಿ ಸಕ್ರಿ ಸಿಕ್ಕಾಪಟ್ಟಿ. ಆ ಚೀಟಿ ನೋಡಿದಾಕಿ ನಾನೊಬ್ಬಾಕಿನ. ಮನ್ಯಾಗ ದೃಷ್ಟಿ ಅಂದ್ರು. ನಾ ಅಲ್ಲೇ ನಿಂತಿದ್ದೆ. ಹೌದ್ರಿ ಅಂತ ಗೋಣ ಹಾಕಿದೆ."

ನನಗೆ ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಬಂತು, ಆ ಮೊದಲ ದಿನ ಉಪಕೇಂದ್ರದಲ್ಲಿ ಬಂದಿತ್ತಲ್ಲ, ಅದೇ ಸಿಟ್ಟು. ಈ ಸಲ ಅವರ ಮೇಲೆ.

"ಆಕಿಗೆ ಹೇಳೀರೇನು?"

"ಇಲ್ಲ."

"ನನಗ ಹೇಳಿದ್ರಿ. ಬಾಗಲಾ ಹಾಕ್ಕೊಂಡು ಕುಂದ್ರಿಸಿ ಹೇಳಿದ್ರಿ. ಆಕಿಗೆ ಯಾಕಿಲ್ಲ?"

"ನಿನ್ನ ಕಾರ್ಡಿನ್ಯಾಗ ನನ್ನ ಅಕ್ಷರ ಇರಲಿಲ್ಲ" ಅಂದರು.

"ಆಕಿ ಈಗೂ ತನ್ನ ಹೊಟ್ಟೀನ ಬೈಕೋತ ಕುಂತಿರ್ತಾಳ್ರಿ ಅಕ್ಕಾರ! ಓಣ್ಯಾಗ ಮಂದಿ ಕೂಸು ಮುಚ್ಕೊಂಡ ಹೋಗ್ತಿರ್ತಾರ. ನಿಮಗ ಗೊತ್ತಿಲ್ಲ ಅದು. ನನಗ ಗೊತ್ತೈತಿ. ಮತ್ತ ಬಸುರಾದ್ರ ಆಕಿಗೆ ಹೇಳಾವ್ರು ಯಾರು?"

"ಹೊಡೀತಾರ ಬೇ, ಹೇಳಿದ್ರ."

"ಹೊಡೀಲಿ."

ಶಿಗ್ಗಾವಿ ಬಸ್ಸು ಬಂತು. ಬರ್ತೇನಿ ಎಂದು ಕೂಡ ಹೇಳದೆ ಮಗಳನ್ನು ಎತ್ತಿಕೊಂಡು ಹತ್ತಿದೆ. ನನ್ನ ಮಗಳ ಜೀವ ಉಳಿಸಿದ ಹೆಂಗಸಿಗೆ ಬೆನ್ನು ತೋರಿಸಿ ಹತ್ತಿದೆ. ಅದಕ್ಕಾಗಿ ಇವತ್ತಿಗೂ ಮರುಗುತ್ತೇನೆ, ಆ ಸಿಟ್ಟು ತಪ್ಪೆಂದು ಮಾತ್ರ ಇವತ್ತಿಗೂ ಅನ್ನಿಸಿಲ್ಲ.

ಬಸ್ಸು ಇನ್ನೂ ನಿಂತಿತ್ತು, ಕಿಟಕಿಯಿಂದ ನೋಡಿದೆ. ಅವರ ಊರಿನ ಬಸ್ಸು ಬಂದು ನಿಂತಿತು, ಮಂದಿ ಹತ್ತಿದರು, ಅದು ಹೋಯಿತು. ಕಸ್ತೂರಕ್ಕ ಕುಂತಲ್ಲೇ ಕುಂತಿದ್ದರು. ಆಮೇಲೆ ಎದ್ದು, ಚೀಲ ಹೆಗಲಿಗೇರಿಸಿ, ನಿಲ್ದಾಣದ ಆಚೆ ತುದಿಗೆ ಹಾನಗಲ್ ಬಸ್ಸು ನಿಂತ ಕಡೆ ನಡೆದರು. ಬಾಗಿಲ ಹತ್ತಿರ ನಿಂತರು. ಹಿಂದಿದ್ದವರು ಅವರನ್ನು ದಾಟಿ ಹತ್ತಿದರು. ಕಂಡಕ್ಟರ್ ಏನೋ ಕೇಳಿದ. ಅವರು ಕಂಬಿ ಹಿಡಿದು ಒಂದು ಕಾಲು ಮೆಟ್ಟಿಲ ಮೇಲಿಟ್ಟರು. ಇನ್ನೊಂದು ಕಾಲು ನೆಲದ ಮೇಲೇ ಇತ್ತು. ಅಷ್ಟರಲ್ಲಿ ನಮ್ಮ ಬಸ್ಸು ತಿರುಗಿತು.